ರೊಂಡೊ: ಚೆಂಡು ಬರುವ ಮೊದಲೇ ಆಡುವ ಆಟ

ನಮ್ಮದೊಂದು ಭಾನುವಾರದ ಫುಟ್‌ಬಾಲ್ ಗುಂಪಿದೆ. ಮೂವತ್ತು ದಾಟಿದವರು, ಹೊಟ್ಟೆ ಬಂದವರು, ಒಬ್ಬಿಬ್ಬರು ಮೊಣಕಾಲು ಆಪರೇಷನ್ ಆದವರು. ಬೆಂಗಳೂರಿನ ಒಂದು ಟರ್ಫ್ ಅನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಐದೈದು ಜನ ಆಡುತ್ತೇವೆ. ಕಳೆದ ತಿಂಗಳು ಒಬ್ಬ ಕೈಕೊಟ್ಟ. ಸುಮ್ಮನೆ ನೋಡಲು ನನ್ನ ಜತೆ ಬಂದಿದ್ದ ಅಕ್ಕನ ಮಗಳನ್ನೇ ಇಳಿಸಿದೆವು. ಅವಳಿಗೆ ಹನ್ನೆರಡು ವರ್ಷ. ಮಗು ಅಲ್ವಾ, ಒಂದು ಮೂಲೆಯಲ್ಲಿ ನಿಂತಿರಲಿ ಅಂದುಕೊಂಡಿದ್ದೆವು. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ನಮ್ಮ ತಂಡದ ಪ್ರತಿ ದಾಳಿಯೂ ಅವಳ ಕಾಲಿನಿಂದಲೇ ಶುರುವಾಗುತ್ತಿತ್ತು. ಅವಳು ಹೆಚ್ಚು ಓಡಲಿಲ್ಲ. ಯಾರನ್ನೂ ಡ್ರಿಬಲ್ ಮಾಡಿ ದಾಟಲೂ ಇಲ್ಲ. ಚೆಂಡು ಬಂತು, ಹೋಯ್ತು, ಅಷ್ಟೇ.

ಆಟ ಮುಗಿದ ಮೇಲೆ ಟೀ ಅಂಗಡಿ ಮುಂದೆ ನಿಂತು, ನಾನೇಕೆ ಮತ್ತೆ ಮತ್ತೆ ಚೆಂಡು ಕಳೆದುಕೊಂಡೆ ಅಂತ ಅವಳನ್ನೇ ಕೇಳಿದೆ. "ಮಾಮ, ನೀನು ಬಾಲ್ ಬಂದ್ಮೇಲೆ ಯಾರಿಗೆ ಕೊಡೋದು ಅಂತ ಹುಡುಕ್ತೀಯ. ಅಷ್ಟೊತ್ತಿಗೆ ಅವ್ರು ಬಂದ್ಬಿಟ್ಟಿರ್ತಾರೆ," ಅಂದಳು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಲೇಟೆನ್ಸಿ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದ ನನಗೆ, ನನ್ನ ಕಾಲಿನ ಲೇಟೆನ್ಸಿ ಎಲ್ಲಿದೆ ಅನ್ನುವುದನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟಳು.

ಇದನ್ನು ನಿನ್ನ ಅಕಾಡೆಮಿಯಲ್ಲಿ ಕಲಿಸಿದ್ರಾ ಅಂದೆ. ಇಲ್ಲವಂತೆ. ಅಕಾಡೆಮಿಯಲ್ಲಿ ಸಾಲಲ್ಲಿ ನಿಂತು ಕೋನ್ ಸುತ್ತುತ್ತಾರಂತೆ. ಅವಳು ಕಲಿತದ್ದು ಅವರ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಇನ್ನೂ ನಾಲ್ಕು ಮಕ್ಕಳ ಜತೆ, ಯೂಟ್ಯೂಬ್ ನೋಡಿಕೊಂಡು, ಅಸೋಸಿಯೇಷನ್‌ನವರು ಬಂದು ಬೈಯುವವರೆಗೆ. ಆ ಆಟದ ಹೆಸರು ರೊಂಡೊ.

ಹೆಸರು ಹೊಸದಾದರೂ ಆಟ ನಿಮಗೆ ಗೊತ್ತಿರುವುದೇ. ಸುತ್ತ ನಾಲ್ಕು ಜನ, ನಡುವೆ ಒಬ್ಬ. ಸುತ್ತ ಇರುವವರು ಚೆಂಡನ್ನು ತಮ್ಮತಮ್ಮಲ್ಲೇ ಉಳಿಸಿಕೊಳ್ಳಬೇಕು, ನಡುವಿನವನು ಕಸಿದುಕೊಳ್ಳಬೇಕು. ಕಸಿದರೆ, ಯಾರ ತಪ್ಪಿನಿಂದ ಚೆಂಡು ಹೋಯಿತೋ ಅವರು ನಡುವೆ ಬರಬೇಕು. ಸ್ಕೂಲ್ ಬಿಟ್ಟ ಮೇಲೆ ಒಬ್ಬನ ಟೋಪಿ ಕಿತ್ತುಕೊಂಡು ಅವನನ್ನು ನಡುವೆ ಕುಣಿಸುತ್ತಿದ್ದೆವಲ್ಲ, ಅದೇ. ಇಟಲಿಯಲ್ಲಿ ಇದನ್ನು ತೊರೆಲ್ಲೊ ಅನ್ನುತ್ತಾರೆ, ಅಂದರೆ ಎಳೆಯ ಗೂಳಿ. ನಡುವೆ ಸಿಕ್ಕಿಕೊಂಡವನ ಸ್ಥಿತಿ ನೋಡಿ ಇಟ್ಟ ಹೆಸರು.

ಇದನ್ನು ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವ ತಮಾಷೆಯ ಆಟ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಬಾರ್ಸಿಲೋನಾದಲ್ಲಿ ಹಾಗೆ ಬಿಡಲಿಲ್ಲ. 1970ರ ದಶಕದಲ್ಲಿ ಅಲ್ಲಿನ ಕಿರಿಯರ ತಂಡಗಳನ್ನು ನೋಡಿಕೊಳ್ಳುತ್ತಿದ್ದ ಲೌರಿಯಾನೊ ರುಯಿಸ್ ಇದನ್ನು ತರಬೇತಿಯ ನಡುಮಧ್ಯಕ್ಕೆ ತಂದರು. 1988ರಲ್ಲಿ ಯೊಹಾನ್ ಕ್ರೈಫ್ ಕೋಚ್ ಆಗಿ ಬಂದ ಮೇಲೆ ಅದು ಇಡೀ ಕ್ಲಬ್ಬಿನ ದಿನಚರಿಯಾಯಿತು. ಕ್ರೈಫ್ ಸ್ವತಃ ಆ್ಯಮ್‌ಸ್ಟರ್‌ಡ್ಯಾಮ್‌ನ ಬೀದಿಗಳಲ್ಲಿ ಆಡಿ ಬೆಳೆದವರು. ಬೀದಿಯಲ್ಲಿ ಜಾಗ ಕಡಿಮೆ, ನೆಲ ಗಟ್ಟಿ, ಬಿದ್ದರೆ ಮಂಡಿ ತರಚುತ್ತದೆ. ಹಾಗಾಗಿ ಡಿಕ್ಕಿ ಹೊಡೆಯುವ ಮುಂಚೆಯೇ ಚೆಂಡು ಕೊಟ್ಟುಬಿಡಬೇಕು. ಆ ಬೀದಿಯ ಇಕ್ಕಟ್ಟನ್ನೇ ಹುಲ್ಲಿನ ಮೇಲೆ ಬೇಕಂತಲೇ ಕಟ್ಟಿಕೊಂಡರೆ ರೊಂಡೊ ಆಗುತ್ತದೆ.

ಫಲ ಕಾಣಲು ಇಪ್ಪತ್ತು ವರ್ಷ ಬೇಕಾಯಿತು. 2010ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ಇಳಿಸಿದ ಹನ್ನೊಂದು ಮಂದಿಯಲ್ಲಿ ಆರು ಜನ ಬಾರ್ಸಿಲೋನಾದವರು. ಆಗಷ್ಟೇ ಆ ಕ್ಲಬ್ಬಿಗೆ ಸಹಿ ಹಾಕಿದ್ದ ಡೇವಿಡ್ ವಿಯಾರನ್ನೂ ಸೇರಿಸಿದರೆ ಏಳು. ಅದೇ ವರ್ಷದ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಕೊನೆಯ ಮೂವರು ಮೆಸ್ಸಿ, ಇನಿಯೆಸ್ತಾ, ಚಾವಿ. ಮೂವರೂ ಲಾ ಮಾಸಿಯಾ ಎಂಬ ಒಂದೇ ಅಕಾಡೆಮಿಯವರು. ಮೂವರ ಎತ್ತರವೂ ಐದು ಅಡಿ ಏಳು ಇಂಚಿನ ಆಸುಪಾಸು. ಎತ್ತರ, ತೂಕ, ಓಟದ ವೇಗ ಅಳೆದು ಮಕ್ಕಳನ್ನು ಆರಿಸುವ ಕ್ಯಾಂಪಿಗೆ ಹನ್ನೆರಡನೇ ವಯಸ್ಸಿನ ಚಾವಿ ಬಂದಿದ್ದರೆ, ಟೇಪು ಹಿಡಿದವರು ಮನೆಗೆ ಕಳಿಸುತ್ತಿದ್ದರೇನೋ.

ಆ ಒಂದು ಸೆಕೆಂಡು

ರೊಂಡೊ ಮೇಲ್ನೋಟಕ್ಕೆ ಪಾಸ್ ಕಲಿಸುತ್ತದೆ. ನಿಜವಾಗಿ ಕಲಿಸುವುದು ಪಾಸ್‌ಗೆ ಮುಂಚಿನ ಕೆಲಸವನ್ನು.

ಎಂಟು ಮೀಟರ್ ದೂರದಿಂದ ಗಟ್ಟಿಯಾಗಿ ಒದ್ದ ಪಾಸ್ ನಿಮ್ಮ ಕಾಲಿಗೆ ತಲುಪಲು ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡು ಚೆಂಡು ಯಾರ ಕೈಯಲ್ಲೂ ಇಲ್ಲ, ಅಲ್ಲ, ಕಾಲಲ್ಲೂ ಇಲ್ಲ. ಅದರ ದಾರಿ ಬದಲಾಗುವುದಿಲ್ಲ. ಹೊರಟಾಗಲೇ ಎಲ್ಲಿಗೆ ಬರುತ್ತದೆ ಅಂತ ಗೊತ್ತಾಗಿರುತ್ತದೆ. ಆದರೂ ನನ್ನಂಥವರು ಆ ಸೆಕೆಂಡು ಪೂರ್ತಿ ಚೆಂಡನ್ನೇ ದಿಟ್ಟಿಸುತ್ತೇವೆ. ಅದೇ ಹೊತ್ತಿನಲ್ಲಿ ಕತ್ತು ತಿರುಗಿಸಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಹಿಂದಕ್ಕೊಮ್ಮೆ ನೋಡಿ ಮತ್ತೆ ಚೆಂಡಿನ ಕಡೆ ಬಂದರೆ, ಚೆಂಡು ಕಾಲಿಗೆ ತಾಗುವ ಹೊತ್ತಿಗೆ ಉತ್ತರ ತಲೆಯಲ್ಲಿ ಸಿದ್ಧ ಇರುತ್ತದೆ. ಪ್ರೊಸೆಸರ್ ಬಗ್ಗೆ ಓದಿದವರಿಗೆ ಇದು ಪರಿಚಿತ: ಮುಂದೆ ಬೇಕಾಗುವ ಡೇಟಾವನ್ನು ಕೇಳುವ ಮೊದಲೇ ತಂದಿಟ್ಟುಕೊಳ್ಳುವುದು. ಫುಟ್‌ಬಾಲ್‌ನಲ್ಲಿ ಇದಕ್ಕೆ ಸ್ಕ್ಯಾನಿಂಗ್ ಅನ್ನುತ್ತಾರೆ.

ಓಸ್ಲೊದ ನಾರ್ವೇಜಿಯನ್ ಸ್ಕೂಲ್ ಆಫ್ ಸ್ಪೋರ್ಟ್ ಸೈನ್ಸಸ್‌ನ ಪ್ರೊಫೆಸರ್ ಗೈರ್ ಯೋರ್ಡೆಟ್ ಇದನ್ನು ಎಣಿಸಿದವರು. ಅವರೂ ಸಂಗಡಿಗರೂ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 118 ಆಟಗಾರರ ವಿಡಿಯೊ ನೋಡಿ, ಚೆಂಡು ಬರುವ ಮುಂಚೆ ಯಾರು ಎಷ್ಟು ಸಲ ಕತ್ತು ತಿರುಗಿಸುತ್ತಾರೆ ಅಂತ ಲೆಕ್ಕ ಹಾಕಿದರು. ಹೆಚ್ಚು ನೋಡುವವರ ಪಾಸ್‌ಗಳಲ್ಲಿ ಶೇ 81ರಷ್ಟು ಗುರಿ ತಲುಪಿದ್ದವು, ಕಡಿಮೆ ನೋಡುವವರದ್ದು ಶೇ 64. ಪಟ್ಟಿಯ ಮೇಲ್ತುದಿಯಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಇದ್ದರು, ಹತ್ತು ಸೆಕೆಂಡಿಗೆ ಸುಮಾರು ಆರು ಸಲ. ಮನೆಯಲ್ಲಿ ಕುಳಿತು ಕೈಗಡಿಯಾರ ನೋಡಿಕೊಂಡು ಒಮ್ಮೆ ಮಾಡಿ ನೋಡಿ, ತಲೆ ಸುತ್ತುತ್ತದೆ. ಒಂದು ಎಚ್ಚರಿಕೆ: ಹೆಚ್ಚು ನೋಡಿದ್ದರಿಂದಲೇ ಚೆನ್ನಾಗಿ ಆಡಿದರು ಅಂತ ಈ ಅಂಕಿಗಳು ಸಾಬೀತು ಮಾಡುವುದಿಲ್ಲ. ಚೆನ್ನಾಗಿ ಆಡುವವರಿಗೆ ಚೆಂಡಿನ ಮೇಲೆ ಭರವಸೆ ಇರುವುದರಿಂದ ತಲೆ ಎತ್ತಿ ನೋಡುವ ಧೈರ್ಯ ಬಂದಿರಲೂಬಹುದು. ಆದರೆ ಎರಡು ಒಟ್ಟಿಗೆ ಬೆಳೆಯುತ್ತವೆ ಅನ್ನುವುದಂತೂ ಸ್ಪಷ್ಟ.

ರೊಂಡೊ ಈ ಅಭ್ಯಾಸವನ್ನು ಉಪದೇಶ ಮಾಡದೆ ಕಲಿಸುತ್ತದೆ. ಎಂಟು ಮೀಟರ್ ಚೌಕ, ಅದರ ನಾಲ್ಕೂ ಬದಿಯ ಮಧ್ಯದಲ್ಲಿ ಒಬ್ಬೊಬ್ಬರು ಅಂದುಕೊಳ್ಳಿ. ಚೆಂಡು ಸಿಕ್ಕವನಿಗೆ ಮೂರು ದಾರಿ: ಎಡಗಡೆಯವನು, ಬಲಗಡೆಯವನು, ಎದುರಿನವನು. ನಡುವಿನವನು ಒಬ್ಬನೇ ಇದ್ದರೆ ಒಂದು ದಾರಿಯನ್ನು ಪೂರ್ತಿ, ಇನ್ನೊಂದನ್ನು ಅರ್ಧಂಬರ್ಧ ಮುಚ್ಚಬಲ್ಲ, ಮೂರನ್ನೂ ಅಲ್ಲ. ಹಾಗಾಗಿ ಉತ್ತರ ಯಾವಾಗಲೂ ಇದ್ದೇ ಇದೆ, ಅದು ಎಲ್ಲಿದೆ ಅಂತ ಚೆಂಡು ಬರುವ ಮುಂಚೆ ನೋಡಿರಬೇಕು ಅಷ್ಟೇ. ನೋಡದಿದ್ದರೆ? ಯಾರೂ ಬೈಯುವುದಿಲ್ಲ. ನೀವೇ ನಡುವೆ ಹೋಗಿ ಓಡಬೇಕು. ಫಲಿತಾಂಶ ತಕ್ಷಣ ಗೊತ್ತಾಗುತ್ತದೆ, ಸುತ್ತ ಇದ್ದವರ ನಗುವಿನ ಸಮೇತ.

ಇಬ್ಬರನ್ನು ನಡುವೆ ಬಿಟ್ಟರೆ ಆಟ ಇನ್ನೂ ರುಚಿಯಾಗುತ್ತದೆ. ಅವರಿಬ್ಬರೂ ಎಡಬಲದ ದಾರಿಗಳನ್ನು ಮುಚ್ಚಿದ ಗಳಿಗೆಯಲ್ಲೇ ಅವರ ನಡುವೆ ಒಂದು ಸಂದು ತೆರೆದುಕೊಳ್ಳುತ್ತದೆ. ಆ ಸಂದಿನಲ್ಲಿ ಎದುರಿನವನಿಗೆ ಚೆಂಡು ತೂರಿಸಿದರೆ ಎದುರಾಳಿಗಳಿಬ್ಬರೂ ಒಂದೇ ಏಟಿಗೆ ಆಟದಿಂದ ಹೊರಗೆ. ದೊಡ್ಡ ಪಂದ್ಯದಲ್ಲಿ ಮಿಡ್‌ಫೀಲ್ಡ್ ಸಾಲನ್ನು ಸೀಳುವ ಪಾಸ್ ಅಂತ ಕಾಮೆಂಟರಿಯವರು ಕೂಗುತ್ತಾರಲ್ಲ, ಅದರ ಮರಿ ಇದು.

ಇನ್ನೊಂದು ಸಣ್ಣ ಸಂಗತಿ ಅಕ್ಕನ ಮಗಳ ಕಾಲುಗಳನ್ನು ನೋಡಿದ ಮೇಲೆ ನನಗೆ ಹೊಳೆದದ್ದು. ನಾನು ಚೆಂಡಿಗೆ ಎದೆ ಕೊಟ್ಟು ನೇರ ನಿಲ್ಲುತ್ತೇನೆ. ಅವಳು ಓರೆಯಾಗಿ, ಬಾಗಿಲು ಅರ್ಧ ತೆರೆದ ಹಾಗೆ ನಿಲ್ಲುತ್ತಾಳೆ. ಚೆಂಡು ಬಲಗಡೆಯಿಂದ ಬಂದರೆ ಎಡಗಾಲಿನಲ್ಲಿ, ಅಂದರೆ ದೂರದ ಕಾಲಿನಲ್ಲಿ ಹಿಡಿಯುತ್ತಾಳೆ. ಹಾಗೆ ಹಿಡಿದರೆ ಮೊದಲ ಸ್ಪರ್ಶಕ್ಕೇ ಮೈ ಮುಂದಿನ ದಿಕ್ಕಿಗೆ ತಿರುಗಿರುತ್ತದೆ. ಹತ್ತಿರದ ಕಾಲಿನಲ್ಲಿ ಹಿಡಿದರೆ ಬಂದ ದಾರಿಗೇ ಮುಖ ಮಾಡಿ ಸಿಕ್ಕಿಬೀಳುತ್ತೀರಿ. ಪಾಸ್ ಕೊಡುವವನಿಗೂ ಇದು ಗೊತ್ತಿರಬೇಕು. ಗೆಳೆಯನಿಗೆ ಚೆಂಡು ಕೊಟ್ಟರೆ ಸಾಲದು, ಅವನ ಯಾವ ಕಾಲಿಗೆ ಕೊಟ್ಟೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎದುರಾಳಿ ಹತ್ತಿರ ಇರುವ ಕಡೆಯ ಕಾಲಿಗೆ ಕೊಟ್ಟರೆ ಅದು ಪಾಸ್ ಅಲ್ಲ, ತಲೆನೋವು ವರ್ಗಾವಣೆ.

ಸಾಲಿನಲ್ಲಿ ನಿಲ್ಲುವ ಮಕ್ಕಳು

ಮುಂದಿನ ಶನಿವಾರ ಅವಳನ್ನು ಬಿಡಲು ಆ ಅಕಾಡೆಮಿಗೆ ಹೋಗಿ ಒಂದು ಗಂಟೆ ಕುಳಿತು ನೋಡಿದೆ. ಇಪ್ಪತ್ತು ಮಕ್ಕಳು, ಒಂದು ಸಾಲು, ಆರು ಕೋನ್. ಒಬ್ಬರಾದ ಮೇಲೆ ಒಬ್ಬರು ಕೋನ್‌ಗಳ ನಡುವೆ ಚೆಂಡು ಉರುಳಿಸಿಕೊಂಡು ಹೋಗಿ, ಕೋಚ್‌ಗೆ ಪಾಸ್ ಕೊಟ್ಟು ಸಾಲಿನ ಕೊನೆಗೆ ಬಂದು ನಿಲ್ಲುತ್ತಿದ್ದರು. ಹಳೇ ಚಾಳಿ, ಫೋನ್ ತೆಗೆದು ಲೆಕ್ಕ ಹಾಕಿದೆ. ಒಬ್ಬರ ಸರದಿಗೆ ಸುಮಾರು ಇಪ್ಪತ್ತು ಸೆಕೆಂಡು. ಇಪ್ಪತ್ತು ಮಕ್ಕಳಿಗೆ 400 ಸೆಕೆಂಡು. ಗಂಟೆಗೆ ಒಬ್ಬೊಬ್ಬರಿಗೆ ಒಂಬತ್ತು ಸರದಿ, ಅಂದರೆ ಚೆಂಡಿನ ಜತೆ ಕಳೆದದ್ದು ಮೂರು ನಿಮಿಷ. ಉಳಿದ 57 ನಿಮಿಷ ಮುಂದಿನವನ ಬೆನ್ನು ನೋಡುತ್ತ ನಿಂತಿರುವುದು.

ಅದೇ ಇಪ್ಪತ್ತು ಮಕ್ಕಳನ್ನು ನಾಲ್ಕು ನಾಲ್ಕರ ಐದು ಗುಂಪು ಮಾಡಿ, ಮೂವರ ನಡುವೆ ಒಬ್ಬ ಎಂಬಂತೆ ರೊಂಡೊ ಆಡಿಸಿ ನೋಡಿ. ಎರಡು ಸೆಕೆಂಡಿಗೊಂದು ಪಾಸ್ ಅಂದರೆ ನಿಮಿಷಕ್ಕೆ ಮೂವತ್ತು, ತಲೆಗೆ ಹತ್ತು. ಚೆಂಡು ಹೊರಗೆ ಹೋಗಿದ್ದು, ಜಗಳ ಆಡಿದ್ದು, ಲೇಸ್ ಕಟ್ಟಿಕೊಂಡಿದ್ದು ಅಂತ ಅರ್ಧ ಕಳೆದರೂ ಐದು ಉಳಿಯಿತು. ಕಾಲು ಗಂಟೆ ಸುತ್ತಲೇ ಉಳಿದ ಮಗು ಎಪ್ಪತ್ತೈದು ಸಲ ಚೆಂಡು ಮುಟ್ಟುತ್ತದೆ, ಎಪ್ಪತ್ತೈದು ಸಲ ತಾನೇ ಒಂದು ನಿರ್ಧಾರ ಮಾಡುತ್ತದೆ. ಖರ್ಚು? ನಾಲ್ಕು ಚೆಂಡು ಹೆಚ್ಚು ಬೇಕು.

ಎಣಿಕೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಮಾತು, ತಾನೇ ನಿರ್ಧಾರ ಮಾಡುವುದು. ಕೋನ್ ಚೆಂಡು ಕಸಿಯುವುದಿಲ್ಲ. ಎಲ್ಲಿ ತಿರುಗಬೇಕು ಅಂತ ಕೋಚ್ ಮೊದಲೇ ಹೇಳಿದ್ದಾರೆ. ಮಗು ತಲೆ ಎತ್ತುವ ಅಗತ್ಯವೇ ಇಲ್ಲ. ವರ್ಷಗಟ್ಟಲೆ ಹಾಗೆ ಆಡಿದ ಹುಡುಗನಿಗೆ ಕಾಲು ಪಳಗಿರುತ್ತದೆ, ಪಂದ್ಯದಲ್ಲಿ ಎದುರಾಳಿ ಮೈಮೇಲೆ ಬಂದಾಗ ಮಾತ್ರ ಕೋಚ್ ಮುಖ ನೋಡುತ್ತಾನೆ. ಆದರೂ ಕೋನ್ ಡ್ರಿಲ್ ಯಾಕೆ ಹೋಗುವುದಿಲ್ಲ ಅಂದರೆ, ಅದು ನೋಡಲು ಶಿಸ್ತಾಗಿರುತ್ತದೆ. ಗ್ಯಾಲರಿಯಲ್ಲಿ ಕುಳಿತ ಅಪ್ಪಅಮ್ಮನಿಗೆ ಫೀಸು ದುಡಿಯುತ್ತಿರುವುದು ಕಾಣುತ್ತದೆ. ರೊಂಡೊ ಗದ್ದಲ. ಮಕ್ಕಳು ಕೂಗುತ್ತಾರೆ, ನಗುತ್ತಾರೆ, ಚೆಂಡು ಕಳೆದುಕೊಳ್ಳುತ್ತಾರೆ. ಕೋಚ್ ಸುಮ್ಮನೆ ನಿಂತಂತೆ ಕಾಣುತ್ತಾರೆ. ನಮ್ಮ ಕ್ಲಾಸ್‌ರೂಮಿನಲ್ಲಿ ಯಾವುದನ್ನು ಒಳ್ಳೆ ಪಾಠ ಅನ್ನುತ್ತೇವೋ, ಮೈದಾನದಲ್ಲೂ ಅದನ್ನೇ ಒಳ್ಳೆ ಕೋಚಿಂಗ್ ಅನ್ನುತ್ತೇವೆ.

ನಮ್ಮೂರಿಗೆ ಈ ಪಾಠ ಗೊತ್ತೇ ಇರಲಿಲ್ಲ ಅಂತಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಾಗ, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಅಂಬೇಡ್ಕರ್ ಪ್ರತಿಮೆಯ ಜತೆ ಪೆಲೆಯ ಪ್ರತಿಮೆಯೂ ಇದೆ. ಅಲ್ಲಿನ ಓಣಿಗಳಲ್ಲಿ ಆಡಿ ಬೆಳೆದವರಿಗೆ ಇಕ್ಕಟ್ಟಿನಲ್ಲಿ ಚೆಂಡು ಕಾಪಾಡುವುದನ್ನು ಯಾರೂ ಸ್ಪೇನಿನಿಂದ ಬಂದು ಕಲಿಸಬೇಕಿರಲಿಲ್ಲ. ಸ್ಪೇನಿನವರು ಬಂದದ್ದೂ ನಿಜ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದ ಆಲ್ಬರ್ಟ್ ರೊಕಾ 2016ರಲ್ಲಿ ಬೆಂಗಳೂರು ಎಫ್‌ಸಿಗೆ ಕೋಚ್ ಆಗಿ ಬಂದರು. ಅದೇ ವರ್ಷ ಆ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಅವರ ನಂತರ ಬಂದ ಕಾರ್ಲೆಸ್ ಕ್ವಾದ್ರಾತ್ ಲಾ ಮಾಸಿಯಾದಲ್ಲೇ ಆಡಿ ಬೆಳೆದವರು, 2018-19ರಲ್ಲಿ ಐಎಸ್‌ಎಲ್ ಗೆಲ್ಲಿಸಿಕೊಟ್ಟರು. ಕಂಠೀರವದ ಹುಲ್ಲಿನ ಮೇಲೆ ಬಂದ ಆ ವಿದ್ಯೆಗೂ ಗೌತಮಪುರದ ಓಣಿಯ ವಿದ್ಯೆಗೂ ಮೂಲ ಒಂದೇ.

ಬದಲಾಗಿರುವುದು ಜಾಗ. ಕಾರ್ಪೊರೇಷನ್ ಮೈದಾನ ಅಂದರೆ ಈಗ ಸಮಾವೇಶ, ಎಕ್ಸಿಬಿಷನ್, ದೀಪಾವಳಿಗೆ ಪಟಾಕಿ ಅಂಗಡಿ. ಉಳಿದ ಆಟ ಬಲೆ ಕಟ್ಟಿದ ಟರ್ಫ್‌ಗೆ ಹೋಗಿದೆ, ಅಲ್ಲಿ ಗಂಟೆಗೆ ಇಷ್ಟು ಅಂತ ಕೊಡಬೇಕು. ಓಣಿಯಲ್ಲಿ ಕಾರು ನಿಂತಿವೆ. ಹುಡುಗರು ಹೇಗೋ ಒಂದು ಮೂಲೆ ಹುಡುಕಿಕೊಳ್ಳುತ್ತಾರೆ, ಹುಡುಗಿಯರಿಗೆ ಅದೂ ಕಷ್ಟ. ಅಕ್ಕನ ಮಗಳು ಬೇಸ್‌ಮೆಂಟಿನಲ್ಲಿ ಆಡುವುದು ಇಷ್ಟಪಟ್ಟು ಅಲ್ಲ. ರೊಂಡೊಗೆ ಬೇಕಿರುವುದು ನಾಲ್ಕೈದು ಕಾರು ನಿಲ್ಲಿಸುವಷ್ಟು ಜಾಗ. ಪೂರ್ತಿ ಮೈದಾನ ಬೇಡುವ ಆಟಕ್ಕೆ ಜಾಗ ಇಲ್ಲ ಅಂತ ಪಾಲಿಕೆ ಹೇಳಬಹುದು, ಎಂಟು ಮೀಟರಿಗೆ ಏನು ಹೇಳುತ್ತದೆ? ಪಾರ್ಕಿನಲ್ಲಿ ಚೆಂಡಾಟ ನಿಷೇಧ ಅಂತ ಬೋರ್ಡು ಹಾಕುವ ಮುಂಚೆ ಒಂದು ಮೂಲೆಯನ್ನು ಬಿಟ್ಟುಕೊಡಿ ಅಂತ ವಾರ್ಡ್ ಮಟ್ಟದಲ್ಲಿ ಕೇಳಬಹುದಾದ, ಬಜೆಟ್ಟೇ ಬೇಡದ ಬೇಡಿಕೆ ಇದು.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ದೋಷವನ್ನೂ ಹೇಳಬೇಕು. ರೊಂಡೊದಲ್ಲಿ ಗೋಲು ಇಲ್ಲ, ದಿಕ್ಕಿಲ್ಲ. ಅದನ್ನೇ ಆಟ ಅಂದುಕೊಂಡರೆ ಏನಾಗುತ್ತದೆ ಅಂತ 2022ರ ವಿಶ್ವಕಪ್‌ನಲ್ಲಿ ಮೊರೊಕ್ಕೊ ಎದುರು ಸ್ಪೇನ್ ತೋರಿಸಿತು: 120 ನಿಮಿಷ, ಸಾವಿರದಷ್ಟು ಪಾಸ್, ಗೋಲು ಸೊನ್ನೆ, ಪೆನಾಲ್ಟಿ ಶೂಟೌಟ್‌ನಲ್ಲೂ ಸೊನ್ನೆ. ರೊಂಡೊದಲ್ಲಿ ಬೆಳೆದ ಪೆಪ್ ಗ್ವಾರ್ಡಿಯೋಲಾಗೇ ಟಿಕಿ-ಟಾಕಾ ಎಂಬ ಪದ ಕಂಡರೆ ಆಗುವುದಿಲ್ಲ. ಎದುರಾಳಿಯನ್ನು ಒಂದು ಕಡೆ ಸೆಳೆದು ಇನ್ನೊಂದು ಕಡೆ ಹೊಡೆಯಲು ಪಾಸ್ ಬೇಕು, ಪಾಸ್ ಮಾಡುವ ಖುಷಿಗಲ್ಲ ಅನ್ನುವುದು ಅವರ ವಾದ. ಹಾಗಾಗಿ ಕಾಲು ಗಂಟೆ ರೊಂಡೊ ಆದ ಮೇಲೆ ಎರಡು ಗೋಲು ಇಟ್ಟು ಆಡಲೇಬೇಕು. ತೀರಾ ಚಿಕ್ಕ ಮಕ್ಕಳಿಗೆ, ಚೆಂಡು ಇನ್ನೂ ಕಾಲಿಗೆ ಒಗ್ಗದವರಿಗೆ, ಒಬ್ಬರೇ ಚೆಂಡಿನ ಜತೆ ಕಳೆಯುವ ಹೊತ್ತೂ ಬೇಕು. ಕೋನ್‌ಗಳನ್ನು ಪೂರ್ತಿ ಎಸೆಯಬೇಡಿ, ಚೌಕದ ಮೂಲೆ ಗುರುತಿಸಲು ಬೇಕಾಗುತ್ತವೆ.

ನಮ್ಮ ಭಾನುವಾರದ ಗುಂಪಿನಲ್ಲಿ ಈಗ ಮೊದಲ ಹದಿನೈದು ನಿಮಿಷ ರೊಂಡೊ. ಆರಂಭಕ್ಕೆ ಹತ್ತು ಮೀಟರ್ ಚೌಕ, ನಾಲ್ವರ ನಡುವೆ ಒಬ್ಬ, ಎಷ್ಟು ಸಲ ಬೇಕಾದರೂ ಚೆಂಡು ಮುಟ್ಟಬಹುದು. ಸಲೀಸಾದ ಮೇಲೆ ಎರಡೇ ಸ್ಪರ್ಶ, ಚೌಕ ಎಂಟು ಮೀಟರಿಗೆ. ಒಂದೇ ಸ್ಪರ್ಶದ ಆಟಕ್ಕೆ ಆತುರಪಡಬೇಡಿ. ನಾವು ಮೊದಲ ದಿನವೇ ಪ್ರಯತ್ನಿಸಿ ಚೆಂಡು ಹೆಕ್ಕಿ ತರುವುದರಲ್ಲೇ ಅರ್ಧ ಹೊತ್ತು ಕಳೆದೆವು. ಸತತ ಹತ್ತು ಪಾಸ್ ಸುಲಭವಾಗಿ ಆಗುತ್ತಿದ್ದರೆ ಚೌಕ ಕುಗ್ಗಿಸಿ, ನಾಲ್ಕೂ ಆಗುತ್ತಿಲ್ಲ ಅಂದರೆ ಹಿಗ್ಗಿಸಿ. ಆಮೇಲೆ ಇಬ್ಬಿಬ್ಬರಿಗೆ ಎರಡು ಬಣ್ಣದ ಬಿಬ್ ಕೊಟ್ಟು, ನಿಮ್ಮ ಬಣ್ಣದವರಿಗೆ ಪಾಸ್ ಕೊಡುವಂತಿಲ್ಲ ಅನ್ನಿ. ಆಗ ಚೆಂಡು ಬರುವ ಮುಂಚೆ ಯಾರು ಎಲ್ಲಿದ್ದಾರೆ ಅಂತ ನೋಡದೆ ಬೇರೆ ದಾರಿಯೇ ಇರುವುದಿಲ್ಲ.

ಬೆರಳಿನ ನಿಯಮ ಅಕ್ಕನ ಮಗಳದ್ದು. ಚೌಕದ ಹೊರಗೆ, ನಮ್ಮ ಬೆನ್ನ ಹಿಂದೆ ಅವಳು ಸುತ್ತುತ್ತ ಒಂದು ಕೈ ಎತ್ತಿ ಬೆರಳು ತೋರಿಸುತ್ತಾಳೆ. ಪಾಸ್ ಕಾಲಿಗೆ ತಾಗುವ ಮೊದಲು ಎಷ್ಟು ಬೆರಳು ಅಂತ ಕೂಗಿ ಹೇಳಬೇಕು. ತಪ್ಪಿದರೆ ಚೆಂಡು ಕಳೆದುಕೊಂಡ ಲೆಕ್ಕ. ಹೋದ ವಾರ ನಾನು "ಮೂರು" ಅಂದೆ, ಪಾಸನ್ನೂ ಸರಿಯಾಗಿ ಕೊಟ್ಟೆ, ಹೆಮ್ಮೆಯಿಂದ ತಿರುಗಿ ನೋಡಿದೆ. "ಅದು ಹೋದ ಸಲದ್ದು ಮಾಮ, ಈಗ ಎರಡು. ಒಳಗೆ ಹೋಗು," ಅಂದಳು.